ಬೂಡಾನ್ ಸಿಪ್ಪೆ: ತಿನ್ನೋದಾ, ಬಿಡೋದಾ?

ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಇಂಟರ್‌ಸ್ಟೇಟ್ 10 ಹೆದ್ದಾರಿಯಲ್ಲಿ ಹೊರಟರೆ, ಲಫಾಯೆಟ್ ಸಿಗುವುದಕ್ಕೆ ಸ್ವಲ್ಪ ಮೊದಲು ಸ್ಕಾಟ್ ಅಂತ ಒಂದು ಸಣ್ಣ ಊರು ಬರುತ್ತದೆ. 2012ರಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಶಾಸನಸಭೆ ಈ ಊರಿಗೆ ‘ಜಗತ್ತಿನ ಬೂಡಾನ್ ರಾಜಧಾನಿ’ ಅಂತ ಬಿರುದು ಕೊಟ್ಟಿತು. ಬೂಡಾನ್ ಅಂದರೆ ಹಂದಿ ಮಾಂಸ, ಅನ್ನ ತುಂಬಿದ ಅಲ್ಲಿನ ಸಾಸೇಜ್. ಅದಕ್ಕೂ ಮೊದಲು ಆ ಬಿರುದು ಬ್ರೂಸಾರ್ಡ್ ಎಂಬ ಊರಿನದಾಗಿತ್ತು. ಇನ್ನೊಂದು ಊರು ಜೆನ್ನಿಂಗ್ಸ್, ತಾನು ‘ಬ್ರಹ್ಮಾಂಡದ ಬೂಡಾನ್ ರಾಜಧಾನಿ’ ಎಂದು ಹೇಳಿಕೊಳ್ಳುತ್ತದೆ. ಒಂದು ತಿಂಡಿಗೆ ಅಲ್ಲಿನ ಜನ ಎಷ್ಟು ಬೆಲೆ ಕೊಡುತ್ತಾರೆ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ಟೆಕ್ಸಸ್‌ನಲ್ಲಿರುವ ನಮ್ಮವರು ಸಾಕಷ್ಟು ಜನ ಈ ದಾರಿಯಲ್ಲಿ ಓಡಾಡುತ್ತಾರೆ. ಪೆಟ್ರೋಲ್ ಬಂಕ್‌ನಲ್ಲಿ ಗಾಡಿ ನಿಲ್ಲಿಸಿದಾಗ ಕೌಂಟರ್ ಮೇಲೆ ಬಿಸಿಬಿಸಿ ಬೂಡಾನ್ ಕಾಣುತ್ತದೆ. ಒಳಗೆ ಅನ್ನ ಇದೆ ಅಂತ ಕೇಳಿದ ಕೂಡಲೇ ಆಸೆಯಾಗುತ್ತದೆ, ತೆಗೆದುಕೊಳ್ಳುತ್ತಾರೆ. ಆಮೇಲೆ ಬರುವ ಪ್ರಶ್ನೆ ಒಂದೇ. ಮೇಲಿನ ಸಿಪ್ಪೆಯನ್ನು ತಿನ್ನಬೇಕಾ, ಬಿಸಾಡಬೇಕಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಬೆಯಲ್ಲಿ ಅಥವಾ ನೀರಿನಲ್ಲಿ ಬಿಸಿಯಾಗಿದ್ದರೆ ಸಿಪ್ಪೆ ಬಿಡಿ, ಒಳಗಿನದನ್ನು ಹಿಂಡಿ ತಿನ್ನಿ. ಹೊಗೆಯಲ್ಲಿ, ಕೆಂಡದ ಮೇಲೆ ಅಥವಾ ಓವನ್‌ನಲ್ಲಿ ಒಣಶಾಖಕ್ಕೆ ಗರಿಯಾಗಿದ್ದರೆ ಸಿಪ್ಪೆ ಸಮೇತ ತಿನ್ನಿ. ಎರಡನ್ನೂ ಅಲ್ಲಿನವರೇ ಮಾಡುತ್ತಾರೆ, ಎರಡರಲ್ಲೂ ಅವಮರ್ಯಾದೆ ಏನೂ ಇಲ್ಲ. ಆದರೆ ಹಾಗೇಕೆ ಅಂತ ತಿಳಿದುಕೊಂಡರೆ ಯಾವ ಅಂಗಡಿಗೆ ಹೋದರೂ ನೀವೇ ತೀರ್ಮಾನ ಮಾಡಬಹುದು.

ಒಳಗೆ ಏನಿರುತ್ತದೆ

ಕೇಜನ್ ಬೂಡಾನ್, ಅಂದರೆ ಲೂಸಿಯಾನಾದ ಫ್ರೆಂಚ್ ಮೂಲದ ಕೇಜನ್ ಜನರ ಬೂಡಾನ್‌ನಲ್ಲಿ ಇರುವುದು ಹಂದಿ ಮಾಂಸ, ಹಂದಿಯ ಲಿವರ್, ಅನ್ನ, ಈರುಳ್ಳಿ, ಈರುಳ್ಳಿ ಸೊಪ್ಪು, ಪಾರ್ಸ್ಲಿ, ಜೊತೆಗೆ ಉಪ್ಪು, ಕರಿಮೆಣಸು, ಕೆಯೆನ್ ಖಾರದ ಪುಡಿ. ಕೆಲವರು ಕ್ಯಾಪ್ಸಿಕಂ, ಸೆಲರಿ ಕೂಡ ಹಾಕುತ್ತಾರೆ. ಮಾಂಸವನ್ನು, ಹೆಚ್ಚಾಗಿ ಭುಜದ ಭಾಗವನ್ನು, ಲಿವರ್ ಜೊತೆ ಮೆತ್ತಗಾಗುವ ತನಕ ಬೇಯಿಸಿ ಅರೆಯುತ್ತಾರೆ. ಬೆಂದ ನೀರನ್ನು ಚೆಲ್ಲುವುದಿಲ್ಲ. ಆ ಸಾರನ್ನೇ ಅನ್ನಕ್ಕೆ ಸೇರಿಸಿ, ಮಾಂಸ ಮತ್ತು ಸೊಪ್ಪಿನ ಜೊತೆ ಕಲಸುತ್ತಾರೆ. ಕಲಸಿದ್ದು ಸ್ವಲ್ಪ ಸಡಿಲವಾಗಿ, ಹಸಿಹಸಿಯಾಗಿ ಇರಬೇಕು. ಅದನ್ನು ಹಂದಿಯ ಕರುಳಿನ ಪೊರೆಯಲ್ಲಿ ತುಂಬಿ ಗೇಣುದ್ದಕ್ಕೆ ತಿರುಚುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ನಾವು ನೋಡಿರುವ ಹೆಚ್ಚಿನ ಸಾಸೇಜ್‌ಗಳಲ್ಲಿ ಹಸಿ ಮಾಂಸವನ್ನು ತುಂಬಿ ಆಮೇಲೆ ಬೇಯಿಸುತ್ತಾರೆ. ಬೂಡಾನ್‌ನಲ್ಲಿ ತುಂಬುವ ಮೊದಲೇ ಎಲ್ಲಾ ಬೆಂದಿರುತ್ತದೆ. ಸಿಪ್ಪೆಯ ಇಡೀ ಜಗಳ ಹುಟ್ಟುವುದೇ ಇಲ್ಲಿಂದ.

ಈ ತಿಂಡಿ ಹುಟ್ಟಿದ ರೀತಿ ನೋಡಿದರೂ ಅಷ್ಟೇ. 1755ರಲ್ಲಿ ಬ್ರಿಟಿಷರು ಇಂದಿನ ಕೆನಡಾದ ನೋವಾ ಸ್ಕೋಶಿಯಾ ಭಾಗದಿಂದ ಫ್ರೆಂಚ್ ಮಾತಾಡುವ ಅಕೇಡಿಯನ್ನರನ್ನು ಹೊರಗಟ್ಟಲು ಶುರು ಮಾಡಿದರು. ಅವರಲ್ಲಿ ಎಷ್ಟೋ ಕುಟುಂಬಗಳು 1760ರ ದಶಕದಿಂದ ಲೂಸಿಯಾನಾ ಸೇರಿದವು. ಇಂದಿನ ಕೇಜನ್ನರು ಅವರ ವಂಶದವರು. ಫ್ರಿಜ್ ಇಲ್ಲದ ಕಾಲದಲ್ಲಿ ಚಳಿಗಾಲ ಬಂತೆಂದರೆ ಅಕ್ಕಪಕ್ಕದ ಮನೆಯವರೆಲ್ಲಾ ಸೇರಿ ಹಂದಿ ಕಡಿಯುತ್ತಿದ್ದರು. ಇದಕ್ಕೆ ಬೂಷ್ರಿ ಅನ್ನುತ್ತಾರೆ. ಕೊಬ್ಬಿನ ಚರ್ಮ ಕರಿದು ಕ್ರ್ಯಾಕ್ಲಿನ್, ತಲೆಯ ಮಾಂಸದಿಂದ ಹೆಡ್ ಚೀಸ್ (ಹೆಸರಿಗೆ ಚೀಸ್, ಇರುವುದು ಮಾಂಸ), ಬೇಗ ಕೆಡುವ ಲಿವರ್ ಮತ್ತು ಚೂರುಪಾರು ಮಾಂಸದಿಂದ ಬೂಡಾನ್. ಯಾವುದೂ ದಂಡವಾಗಬಾರದು, ಸ್ವಲ್ಪ ಮಾಂಸ ತುಂಬಾ ಜನರ ಹೊಟ್ಟೆ ತುಂಬಿಸಬೇಕು. 19ನೇ ಶತಮಾನದ ಕೊನೆಯಲ್ಲಿ ನೈಋತ್ಯ ಲೂಸಿಯಾನಾದ ಬಯಲಿನಲ್ಲಿ ಭತ್ತದ ಬೆಳೆ ದೊಡ್ಡದಾಗಿ ಬೆಳೆಯಿತು. ಅಲ್ಲಿನ ಕ್ರೌಲಿ ಊರಿನಲ್ಲಿ 1937ರಿಂದ ಭತ್ತದ ಹಬ್ಬವೇ ನಡೆಯುತ್ತಿದೆ. ಹೀಗೆ ಅಕ್ಕಿ ಕೈಗೆಟುಕುವ ಊರಿನಲ್ಲಿ ಬೂಡಾನ್‌ಗೆ ಅನ್ನ ಸೇರಿದ್ದರಲ್ಲಿ ಆಶ್ಚರ್ಯ ಇಲ್ಲ. ಆ ಮನೆಗಳಲ್ಲಿ ಸಿಪ್ಪೆ ಅಂದರೆ ಒಳಗಿನದನ್ನು ಹಿಡಿದಿಡುವ ಚೀಲ. ರುಚಿಗಾಗಿ ಹಾಕಿದ್ದಲ್ಲ.

ಸಿಪ್ಪೆ ಅಂದರೆ ಕರುಳೇ?

ಹೌದು, ಆದರೆ ಪೂರ್ತಿ ಕರುಳಲ್ಲ. ಸಣ್ಣ ಕರುಳಿನ ಒಳಪದರ, ಹೊರಗಿನ ಸ್ನಾಯು ಎಲ್ಲಾ ಕೆರೆದು ತೆಗೆದು, ನಡುವಿನ ತೆಳ್ಳಗಿನ ಒಂದು ಪೊರೆಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ತೊಳೆದು ಉಪ್ಪು ಹಾಕಿ ಇಟ್ಟಿರುತ್ತಾರೆ. ತುಂಬುವ ಮೊದಲು ನೀರಿನಲ್ಲಿ ನೆನೆಸುತ್ತಾರೆ. ಬೋಟಿ ತಿಂದು ಬೆಳೆದವರಿಗೆ ಕರುಳು ಅಂದ ಕೂಡಲೇ ಮುಖ ಸಿಂಡರಿಸುವ ಅಭ್ಯಾಸ ಇರುವುದಿಲ್ಲ, ಅವರಿಗೆ ಈ ಪೊರೆ ಏನೂ ಅಲ್ಲ. ಬೋಟಿಯಲ್ಲಿ ಇರುವ ವಾಸನೆ, ದಪ್ಪ ಎರಡೂ ಇಲ್ಲಿಲ್ಲ. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ತೆಳುವಾಗಿರುತ್ತದೆ.

ಇದು ತಿನ್ನಲು ಯೋಗ್ಯವೇ ಅನ್ನುವ ಅನುಮಾನ ಬೇಡ. ಹಂದಿ ಕರುಳಿನ ಸಿಪ್ಪೆ ಪೂರ್ತಿ ತಿನ್ನುವಂಥದ್ದು. ಹೆಚ್ಚಾಗಿ ಕೊಲಾಜೆನ್ ಎಂಬ ಪ್ರೋಟೀನ್ ಅದು. ತಿಂದರೆ ಅಪಾಯವಿಲ್ಲ, ಬಿಟ್ಟರೆ ನಷ್ಟವೂ ಇಲ್ಲ. ತೂಕದಲ್ಲಿ ಅದರ ಪಾಲು ತೀರಾ ಕಮ್ಮಿ.

ಹಬೆಯ ಬೂಡಾನ್: ಹಿಂಡಿ ತಿನ್ನುವುದು

ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಇದೇ. ಮಾಂಸದ ಅಂಗಡಿ, ದಿನಸಿ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲಾ ಕಡೆ ಸ್ಟೀಮರ್‌ನಲ್ಲೋ, ದೊಡ್ಡ ರೈಸ್ ಕುಕ್ಕರ್‌ನಲ್ಲೋ ಬಿಸಿಯಾಗಿ ಇಟ್ಟಿರುತ್ತಾರೆ. ಕೇಳಿದರೆ ಇಕ್ಕಳದಲ್ಲಿ ಎತ್ತಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ತುಂಬಾ ಜನ ಮನೆಗೆ ಹೋಗುವ ತನಕವೂ ಕಾಯುವುದಿಲ್ಲ. ಪಾರ್ಕಿಂಗ್ ಜಾಗದಲ್ಲೇ ಗಾಡಿಗೆ ಒರಗಿ ನಿಂತು ತಿಂದು ಮುಗಿಸುತ್ತಾರೆ.

ಹಬೆಯಲ್ಲಿ ಸಿಪ್ಪೆ ಏಕೆ ಗಟ್ಟಿ ಅನಿಸುತ್ತದೆ? ಕೊಲಾಜೆನ್‌ಗೆ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದರೆ ಅದು ಕುಗ್ಗಿ ಬಿಗಿಯುತ್ತದೆ. ಸುತ್ತಲೂ ನೀರಿನ ಪಸೆ ಇರುವುದರಿಂದ ಒಣಗುವುದಿಲ್ಲ, ಹಾಗಾಗಿ ಗರಿಯಾಗಲು ಅವಕಾಶವೇ ಇಲ್ಲ. ಒದ್ದೆಯಾಗಿ, ಎಳೆದರೆ ಹಿಗ್ಗುವ ಹಾಗೆ ಉಳಿಯುತ್ತದೆ.

ಇದಕ್ಕಿಂತ ಮುಖ್ಯ ಕಾರಣ ಒಳಗಡೆ ಇದೆ. ಹಸಿ ಮಾಂಸ ತುಂಬಿದ ಸಾಸೇಜ್ ಬೆಂದಾಗ ಮಾಂಸ ಗಟ್ಟಿಯಾಗಿ ಒಂದೇ ತುಂಡಾಗುತ್ತದೆ, ಸಿಪ್ಪೆ ಅದಕ್ಕೆ ಅಂಟಿಕೊಳ್ಳುತ್ತದೆ. ಕಚ್ಚಿದರೆ ಹಲ್ಲಿಗೆ ಒಳಗಿನಿಂದ ಆಸರೆ ಸಿಗುತ್ತದೆ, ಸಿಪ್ಪೆ ಚಟ್ ಅಂತ ತುಂಡಾಗುತ್ತದೆ. ಬೂಡಾನ್ ಒಳಗೆ ಇರುವುದು ಮೆತ್ತಗಿನ ಅನ್ನ. ಕಚ್ಚಿದ ಕೂಡಲೇ ಅನ್ನ ಪಕ್ಕಕ್ಕೆ ಸರಿಯುತ್ತದೆ, ಸಿಪ್ಪೆ ಹಲ್ಲುಗಳ ನಡುವೆ ಉಳಿಯುತ್ತದೆ. ಜೋರಾಗಿ ಕಚ್ಚಿದರೆ ಅನ್ನವೆಲ್ಲಾ ಇನ್ನೊಂದು ತುದಿಯಿಂದ ಹೊರಗೆ, ಅಂಗಿಯ ಮೇಲೆ. ಬಾಯಲ್ಲಿ ಅನ್ನ ಕರಗಿ ಹೋದ ಮೇಲೂ ಸಿಪ್ಪೆ ಮಾತ್ರ ಜಗಿದಷ್ಟೂ ಮುಗಿಯುವುದಿಲ್ಲ. ಲಿವರ್‌ನ ರುಚಿ, ಮೆಣಸಿನ ಖಾರ, ಈರುಳ್ಳಿ ಸೊಪ್ಪಿನ ಘಮ ಎಲ್ಲಾ ಮುಗಿದು, ರುಚಿಯಿಲ್ಲದ್ದನ್ನು ಜಗಿಯುತ್ತಾ ಕೂರಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ಬೂಡಾನ್‌ಗೆ ಮಾಡುವ ಅನ್ಯಾಯ.

ಹಾಗಾದರೆ ಹೇಗೆ ತಿನ್ನುವುದು? ಅಂಗಡಿಯಲ್ಲೇ ಮಧ್ಯಕ್ಕೆ ಕತ್ತರಿಸಿ ಕೊಡಿ ಅನ್ನಿ. ಇದರಿಂದ ಎರಡು ಲಾಭ. ಒಳಗಿನ ಬಿಸಿ ಹಬೆ ಹೊರಗೆ ಹೋಗುತ್ತದೆ, ಹಿಂಡಲು ಒಂದು ಬಾಯಿ ಸಿಗುತ್ತದೆ. ಒಂದೆರಡು ನಿಮಿಷ ಆರಲಿ, ಅನ್ನದೊಳಗೆ ಬಿಸಿ ತುಂಬಾ ಹೊತ್ತು ನಿಲ್ಲುತ್ತದೆ, ಅವಸರ ಮಾಡಿದರೆ ನಾಲಿಗೆ ಸುಡುತ್ತದೆ. ಆಮೇಲೆ ಅರ್ಧ ತುಂಡನ್ನು ಕಾಗದದ ಸಮೇತ ಹಿಡಿದು, ಕತ್ತರಿಸಿದ ತುದಿಯನ್ನು ಬಾಯಿಗಿಟ್ಟು, ಮುಚ್ಚಿದ ತುದಿಯಿಂದ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ನಿಧಾನವಾಗಿ ಒತ್ತುತ್ತಾ ಬನ್ನಿ. ಒಂದೊಂದು ತುತ್ತಿನಷ್ಟೇ ಹೊರಗೆ ಬರಲಿ. ಕೊನೆಯಲ್ಲಿ ಹಲ್ಲಿನಲ್ಲಿ ಮೆಲ್ಲಗೆ ಹಿಡಿದು ಎಳೆದರೆ ಒಳಗೆ ಅಂಟಿದ್ದೂ ಬಂದುಬಿಡುತ್ತದೆ. ಕೈಯಲ್ಲಿ ಉಳಿಯುವುದು ಚಪ್ಪಟೆಯಾದ ಖಾಲಿ ಸಿಪ್ಪೆ.

ಹೀಗೆ ತಿನ್ನುವುದು ಕೇಜನ್ನರ ನಾಡಿನಲ್ಲಿ ಮಾತ್ರ ಇರುವ ಪದ್ಧತಿಯೂ ಅಲ್ಲ. ಜರ್ಮನಿಯ ಬವೇರಿಯಾದಲ್ಲಿ ವೈಸ್‌ವುರ್ಸ್ಟ್ ಎಂಬ ಬಿಳಿ ಸಾಸೇಜ್ ಇದೆ. ಅದನ್ನೂ ಬಿಸಿ ನೀರಿನಲ್ಲೇ ಕಾಯಿಸುತ್ತಾರೆ, ಅದರ ಸಿಪ್ಪೆಯನ್ನೂ ತಿನ್ನುವುದಿಲ್ಲ. ಹಳಬರು ತುದಿ ಕಚ್ಚಿ ಒಳಗಿನದನ್ನು ಹೀರುತ್ತಾರೆ, ಉಳಿದವರು ಚಾಕುವಿನಲ್ಲಿ ಸೀಳಿ ಬಿಡಿಸುತ್ತಾರೆ. ನಮ್ಮ ಕಾರವಾರದ ಕಡೆ ಗೋವಾ ಸಾಸೇಜ್ ಬಲ್ಲವರಿಗೂ ಇದು ಹೊಸದಲ್ಲ. ಅದರ ಸಿಪ್ಪೆ ಸುಲಿದು, ಒಳಗಿನ ಮಾಂಸವನ್ನು ಮಾತ್ರ ಈರುಳ್ಳಿ ಜೊತೆ ಹುರಿಯುವ ಮನೆಗಳು ಬೇಕಾದಷ್ಟಿವೆ.

ಕೈಯಲ್ಲಿ ಹಿಂಡಿ ತಿನ್ನುವುದು ಮುಜುಗರ ಅನಿಸಿದರೆ ತಟ್ಟೆಯ ದಾರಿ ಇದೆ. ಉದ್ದಕ್ಕೆ ಸೀಳಿ, ಚಮಚದಲ್ಲಿ ಬಳಿದುಕೊಳ್ಳಿ. ಉಪ್ಪಿನ ಕ್ರ್ಯಾಕರ್ ಬಿಸ್ಕತ್ ಮೇಲೆ ಹಾಕಿಕೊಂಡು ತಿನ್ನುವುದು ಅಲ್ಲಿ ಮಾಮೂಲು. ಕೆಲವರು ಸಾಸಿವೆಯ ಗೊಜ್ಜು ಹಚ್ಚಿಕೊಳ್ಳುತ್ತಾರೆ. ಇನ್ನು ಕೆಲವರು ಬೆಳಿಗ್ಗೆ ತಿಂಡಿಗೆ ಕಬ್ಬಿನ ಪಾಕ ಸುರಿದುಕೊಳ್ಳುತ್ತಾರೆ. ಆ್ಯಬ್‌ವಿಲ್ ಊರಿನಲ್ಲಿ 1910ರಿಂದ ಸ್ಟೀನ್ಸ್ ಕಂಪನಿ ತಯಾರಿಸುವ ಪಾಕ ಅದಕ್ಕೆ ಹೆಸರುವಾಸಿ. ನೋಡಲು, ರುಚಿಗೆ ನಮ್ಮ ಮಲೆನಾಡಿನ ಜೋನಿ ಬೆಲ್ಲದ ಹತ್ತಿರದ ನೆಂಟ. ಖಾರದ ಅನ್ನ, ಲಿವರ್, ಮೇಲೆ ಬೆಲ್ಲದ ಸಿಹಿ. ಕೇಳಲು ವಿಚಿತ್ರ, ಆದರೆ ಒಮ್ಮೆ ತಿಂದು ನೋಡಿ.

ಒಂದು ವಿನಾಯಿತಿ ಹೇಳಲೇಬೇಕು. ಎಲ್ಲಾ ಹಬೆಯ ಬೂಡಾನ್‌ನ ಸಿಪ್ಪೆಯೂ ಒಂದೇ ತರಹ ಇರುವುದಿಲ್ಲ. ಒದ್ದೆ ಶಾಖದಲ್ಲಿ ತುಂಬಾ ಹೊತ್ತು ಇದ್ದರೆ ಕೊಲಾಜೆನ್ ನಿಧಾನವಾಗಿ ಜೆಲಾಟಿನ್ ಆಗುತ್ತಾ ಹೋಗುತ್ತದೆ. ಕಾಲು ಸೂಪ್‌ನಲ್ಲಿ ನಡೆಯುವುದೂ ಅದೇ. ಹಾಗಾಗಿ ಕೆಲವು ಕಡೆ ಸಿಪ್ಪೆ ಮೆತ್ತಗಾಗಿ, ಇದ್ದದ್ದೇ ಗೊತ್ತಾಗದ ಹಾಗೆ ಬಾಯಲ್ಲಿ ಹೋಗುತ್ತದೆ. ಮೊದಲ ತುತ್ತಿನಲ್ಲೇ ತಿಳಿಯುತ್ತದೆ. ತುದಿಯ ಸ್ವಲ್ಪ ಸಿಪ್ಪೆ ಕಚ್ಚಿ ನೋಡಿ. ಸುಲಭವಾಗಿ ತುಂಡಾದರೆ ತಿಂದುಬಿಡಿ, ಹಿಗ್ಗಿದರೆ ಬಿಟ್ಟುಬಿಡಿ.

ಹೊಗೆ, ಕೆಂಡ, ಓವನ್: ಸಿಪ್ಪೆ ಸಮೇತ

ಒಣಶಾಖದಲ್ಲಿ ಇದೇ ಸಿಪ್ಪೆ ಬೇರೆಯೇ ಆಗುತ್ತದೆ. ನೀರಿನ ಅಂಶ ಹಾರಿಹೋಗಿ ಪೊರೆ ತೆಳುವಾಗಿ, ಒಣಗಿ, ಒಳಗಿನ ಅನ್ನಕ್ಕೆ ಅಂಟಿಕೊಳ್ಳುತ್ತದೆ. ಬಣ್ಣ ಕಂದಾಗುತ್ತದೆ. ಒಳಗಿನ ಕೊಬ್ಬು ಸ್ವಲ್ಪ ಹೊರಗೆ ಜಿನುಗಿ ಸಿಪ್ಪೆಯನ್ನು ಹುರಿದ ಹಾಗೆ ಮಾಡುತ್ತದೆ. ಆಗ ಕಚ್ಚಿದರೆ ಮುರಿಯುತ್ತದೆ, ಹಿಗ್ಗುವುದಿಲ್ಲ. ಹೊಗೆಯ ರುಚಿ ಇರುವುದೂ ಹೆಚ್ಚಾಗಿ ಸಿಪ್ಪೆಯ ಮೇಲೆಯೇ. ಹೊಗೆ ಹಾಕಿದ ಬೂಡಾನ್ ತೆಗೆದುಕೊಂಡು ಸಿಪ್ಪೆ ಬಿಸಾಡಿದರೆ ಕೊಟ್ಟ ದುಡ್ಡಿನ ಒಂದು ಭಾಗವನ್ನೇ ಬಿಸಾಡಿದ ಹಾಗೆ.

ಆದರೆ ಇಲ್ಲೂ ಕಣ್ಣಿಟ್ಟು ನೋಡಬೇಕು. ಹೊಗೆ ಹಾಕಿದ ಬೂಡಾನನ್ನು ಆಮೇಲೆ ಸ್ಟೀಮರ್‌ನಲ್ಲಿ ಇಟ್ಟಿದ್ದರೆ ಸಿಪ್ಪೆ ಮತ್ತೆ ಪಸೆ ಹಿಡಿದು ಎಳೆಯುತ್ತದೆ. ಬಣ್ಣ ಕಂದು ಇದೆ ಅಂತ ಮೋಸ ಹೋಗಬೇಡಿ. ಬೆರಳಿನಲ್ಲಿ ಮುಟ್ಟಿ ನೋಡಿ. ಒಣಗಿ ಬಿಗಿಯಾಗಿದ್ದರೆ ಸರಿ. ಒದ್ದೆಯಾಗಿ ಜಾರುತ್ತಿದ್ದರೆ ಹಿಂಡುವುದೇ ವಾಸಿ.

ಮನೆಗೆ ತಂದು ಬಿಸಿ ಮಾಡುವವರಿಗೆ ಇದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ಸಿಪ್ಪೆ ತಿನ್ನುವ ಆಸೆಯಿದ್ದರೆ ಓವನ್ ಸುಲಭ. 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟೆಗೆ ಮತ್ತು ಬೂಡಾನ್ ಮೇಲೆ ಸ್ವಲ್ಪ ಎಣ್ಣೆ ಸವರಿ, 20ರಿಂದ 25 ನಿಮಿಷ ಇಡಿ. ನಡುವೆ ಒಮ್ಮೆ ತಿರುಗಿಸಿ. ಇಡುವ ಮೊದಲು ಮೇಲಿನ ಪಸೆಯನ್ನು ಟಿಶ್ಯೂನಲ್ಲಿ ಚೆನ್ನಾಗಿ ಒರೆಸಿರಬೇಕು, ಇಲ್ಲದಿದ್ದರೆ ಮೊದಲ ಹತ್ತು ನಿಮಿಷ ಬರೀ ಆ ನೀರು ಆರುವುದಕ್ಕೇ ಹೋಗುತ್ತದೆ. ಏರ್ ಫ್ರೈಯರ್ ಇದ್ದರೆ ಇನ್ನೂ ಬೇಗ ಆಗುತ್ತದೆ. ಗ್ರಿಲ್ ಮಾಡುವುದಾದರೆ ಮೊದಲು ಕೆಂಡದಿಂದ ದೂರ ಇಟ್ಟು ಒಳಗೆ ಬಿಸಿಯಾಗಲು ಬಿಡಿ, ಕೊನೆಯಲ್ಲಿ ಮಾತ್ರ ಕೆಂಡದ ಮೇಲೆ ತಂದು ಬಣ್ಣ ಬರಿಸಿ. ಶುರುವಿನಲ್ಲೇ ಜೋರು ಉರಿಗೆ ಇಟ್ಟರೆ ಸಿಪ್ಪೆ ಕುಗ್ಗಿ ಒಡೆದು, ಅನ್ನವೆಲ್ಲಾ ಕೆಂಡದ ಪಾಲು. ಫೋರ್ಕ್‌ನಲ್ಲಿ ಚುಚ್ಚಲೂ ಹೋಗಬೇಡಿ. ಒಳಗಿನ ರಸ ಸೋರಿ ಅನ್ನ ಒಣಗುತ್ತದೆ.

ಹಿಂಡಿ ತಿನ್ನುವ ಬೂಡಾನ್ ಬೇಕಿದ್ದರೆ ನೀರು ಅಥವಾ ಹಬೆ ಸಾಕು. ನೀರು ಕೊತಕೊತ ಕುದಿಯಬಾರದು, ಸಣ್ಣ ಗುಳ್ಳೆ ಏಳುವ ಹೊತ್ತಿಗೆ ಉರಿ ತಗ್ಗಿಸಿ 10ರಿಂದ 15 ನಿಮಿಷ ಬಿಡಿ. ಇಡ್ಲಿ ಪಾತ್ರೆಯಲ್ಲಿ ತಟ್ಟೆ ತೆಗೆದು ಇಟ್ಟರೂ ಚೆನ್ನಾಗಿ ಆಗುತ್ತದೆ. ಮೈಕ್ರೋವೇವ್ ಮಾತ್ರ ಕೊನೆಯ ದಾರಿ. ಒಂದು ಕಡೆ ಸಿಪ್ಪೆ ಬಿರುಸಾಗುತ್ತದೆ, ಇನ್ನೊಂದು ಕಡೆ ಒಡೆಯುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಸಿಪ್ಪೆ ಸೀಳಿ, ಒಳಗಿನದನ್ನು ಬಟ್ಟಲಿಗೆ ತೆಗೆದು, ಮುಚ್ಚಿ ಬಿಸಿ ಮಾಡಿ.

ಎರಡರಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಿದರೆ, ಮೊದಲ ಸಲ ತಿನ್ನುವವರು ಹಬೆಯದ್ದನ್ನೇ ತೆಗೆದುಕೊಳ್ಳಲಿ ಅನ್ನುತ್ತೇನೆ. ಸಾರು ಹೀರಿದ ಅನ್ನದ ಮೆದು, ಸೊಪ್ಪಿನ ಹಸಿ ಘಮ ಅದರಲ್ಲೇ ಚೆನ್ನಾಗಿ ಗೊತ್ತಾಗುವುದು. ಹೊಗೆಯದ್ದು ಖಂಡಿತ ಚೆಂದ, ಆದರೆ ಹೊಗೆ ಸ್ವಲ್ಪ ಜೋರು, ಉಳಿದ ರುಚಿಗಳು ಹಿಂದೆ ಸರಿಯುತ್ತವೆ.

ಸಿಪ್ಪೆಯೇ ಬೇಡ ಅನ್ನುವವರಿಗೆ

ಬೂಡಾನ್ ಬಾಲ್ ಕೇಳಿ. ಅದೇ ಮಿಶ್ರಣವನ್ನು ಉಂಡೆ ಕಟ್ಟಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದಿರುತ್ತಾರೆ. ಹೊರಗೆ ಗರಿ, ಒಳಗೆ ಮೆದು. ಎಲ್ಲಾ ಬೂಡಾನ್ ಅಂಗಡಿಗಳಲ್ಲೂ ಹೆಚ್ಚೂಕಮ್ಮಿ ಸಿಗುತ್ತದೆ. ಮಕ್ಕಳಿಗೆ ಇದೇ ಒಳ್ಳೆಯದು. ತೀರಾ ಸಣ್ಣ ಮಕ್ಕಳಿಗೆ, ಹಲ್ಲಿನ ಸೆಟ್ ಹಾಕಿಕೊಂಡಿರುವ ಹಿರಿಯರಿಗೆ ಹಬೆಯ ಬೂಡಾನ್ ಕೊಡುವಾಗ ಸಿಪ್ಪೆ ಪೂರ್ತಿ ತೆಗೆದೇ ಕೊಡಿ. ಜಗಿಯಲಾಗದ ಸಿಪ್ಪೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಹಂದಿ ತಿನ್ನದವರು ಇದನ್ನು ಓದಿ

ಅಂಗಡಿಯ ಬೋರ್ಡ್‌ನಲ್ಲಿ ಸೀಗಡಿ ಬೂಡಾನ್, ಕ್ರಾಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ) ಬೂಡಾನ್ ಅಂತ ಬರೆದಿರುತ್ತದೆ. ಹಂದಿ ಇಲ್ಲವಲ್ಲ ಅಂತ ಸಮಾಧಾನ ಪಟ್ಟು ತೆಗೆದುಕೊಳ್ಳುವವರಿದ್ದಾರೆ. ಒಳಗೆ ಸೀಗಡಿ ಇದ್ದರೂ ಹೊರಗಿನ ಸಿಪ್ಪೆ ಹಂದಿ ಕರುಳಿನದೇ ಆಗಿರಬಹುದು. ಸಿಪ್ಪೆ ತೆಗೆದು ತಿಂದರಾಯಿತು ಅನ್ನುವುದು ನಿಮಗೆ ಒಪ್ಪಿಗೆಯಾದರೆ ಸರಿ. ಆದರೆ ಒಳಗಿನದು ಇಡೀ ಹೊತ್ತು ಅದೇ ಸಿಪ್ಪೆಯೊಳಗೆ ಬಿಸಿಯಾಗುತ್ತಾ ಇರುತ್ತದೆ ಅನ್ನುವುದು ತಿಳಿದಿರಲಿ. ಕೆಲವು ಕಡೆ ಮಿಶ್ರಣಕ್ಕೆ ಹಂದಿಯ ಸಾರು ಕೂಡ ಸೇರಿರಬಹುದು. ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪಿಲ್ಲ.

ಗೋಮಾಂಸ ತಿನ್ನದವರಿಗೂ ಒಂದು ಮಾತು. ಕಾರ್ಖಾನೆಯಲ್ಲಿ ಮಾಡುವ ಸಿಪ್ಪೆಗಳಲ್ಲಿ ಕೊಲಾಜೆನ್ ಸಿಪ್ಪೆ ಅಂತ ಒಂದಿದೆ. ಅದನ್ನು ತುಂಬಾ ಸಲ ದನದ ಚರ್ಮದ ಕೊಲಾಜೆನ್‌ನಿಂದ ಮಾಡಿರುತ್ತಾರೆ. ಪ್ಯಾಕೆಟ್‌ನಲ್ಲಿ ಬರುವ ಸಾಸೇಜ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಒಳಗೆ ಚಿಕನ್ ಅಂತಲೋ ಹಂದಿ ಅಂತಲೋ ಇದ್ದು, ಸಿಪ್ಪೆ ದನದ್ದು ಅಂತ ಬರೆದಿರುವುದು ಉಂಟು.

ಚೀಟಿ ಓದುವಾಗಲೇ ಇನ್ನೊಂದನ್ನೂ ನೋಡಿಕೊಳ್ಳಿ. ಸೆಲ್ಯುಲೋಸ್, ಪ್ಲಾಸ್ಟಿಕ್ ಸಿಪ್ಪೆಗಳೂ ಇವೆ, ಅವನ್ನು ತಿನ್ನಲೇಬಾರದು, ಸುಲಿದು ಬಿಸಾಡಬೇಕು. ಬೂಡಾನ್‌ಗೆ ಇವನ್ನು ಬಳಸುವ ರೂಢಿ ಇಲ್ಲ, ಆದರೂ ಗುರುತು ತಿಳಿದಿದ್ದರೆ ಒಳ್ಳೆಯದು. ಕರುಳಿನ ಸಿಪ್ಪೆ ಸ್ವಲ್ಪ ಬಾಗಿರುತ್ತದೆ, ದಪ್ಪ ಅಲ್ಲಲ್ಲಿ ಹೆಚ್ಚುಕಮ್ಮಿ ಇರುತ್ತದೆ, ಮೇಲೆ ಸಣ್ಣ ನರದ ಹಾಗೆ ಗೆರೆ ಕಾಣುತ್ತವೆ. ಉದ್ದಕ್ಕೂ ಒಂದೇ ಅಳತೆ, ಪೂರ್ತಿ ನೆಟ್ಟಗೆ, ನುಣ್ಣಗೆ ಇದ್ದರೆ ಅದು ಕಾರ್ಖಾನೆಯದ್ದು ಅಂತ ಅನುಮಾನ ಪಡಿ.

ಉಳಿದ ಬೂಡಾನ್ ಏನು ಮಾಡುವುದು

ಒಳಗೆ ಅನ್ನ ಇರುವುದರಿಂದ ಸ್ವಲ್ಪ ಎಚ್ಚರ ಬೇಕು. ಬೆಂದ ಅನ್ನವನ್ನು ಬೆಚ್ಚಗೆ ಹೊರಗೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಾರಿನ ಸೀಟಿನ ಮೇಲೆ ಎರಡು ಗಂಟೆಗಿಂತ ಜಾಸ್ತಿ ಬಿಡಬೇಡಿ, ಬಿಸಿಲಿದ್ದರೆ ಒಂದು ಗಂಟೆಯೇ ಹೆಚ್ಚು. ದೂರ ಹೋಗುವವರು ತಣ್ಣಗಿರುವ ಪ್ಯಾಕೆಟ್ ಕೊಂಡು ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ, ತಿನ್ನುವಾಗ ಒಳಗಿನ ತನಕ 74 ಡಿಗ್ರಿ ಬಿಸಿ ಮುಟ್ಟಬೇಕು.

ಅರ್ಧ ತಿಂದು ಉಳಿದದ್ದಾದರೆ ಸಿಪ್ಪೆ ತೆಗೆದುಬಿಡಿ, ಎರಡನೇ ಸಲದ ಬಿಸಿಗೆ ಅದು ಇನ್ನೂ ಬಿರುಸಾಗುತ್ತದೆ. ಒಳಗಿನದನ್ನು ಕಾದ ಬಾಣಲೆಯಲ್ಲಿ ತಟ್ಟಿ, ತಳ ಸೀಯುವ ಮುಂಚೆ ಕೆಂಪಗೆ ಗರಿಯಾಗುವ ತನಕ ಬಿಟ್ಟು, ಮೇಲೊಂದು ಮೊಟ್ಟೆ ಒಡೆದು ಹಾಕಿ. ಇಲ್ಲವೇ ದೊಡ್ಡ ಕ್ಯಾಪ್ಸಿಕಂ ಒಳಗೆ ತುಂಬಿ ಓವನ್‌ನಲ್ಲಿ ಇಡಿ. ಆಮ್ಲೆಟ್ ಒಳಗೆ ಮಡಚಿದರೂ ಆಗುತ್ತದೆ. ಉಪ್ಪು ಖಾರ ಮೊದಲೇ ಚೆನ್ನಾಗಿ ಇರುವುದರಿಂದ ಮೊಟ್ಟೆಗೆ ಬೇರೆ ಏನೂ ಹಾಕಬೇಕಾಗಿಲ್ಲ.